ಮಾವ ಕಟ್ಟಿದ ವೈರು

ಸೊಸೆಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದರಲ್ಲೂ ಗ್ಯಾರೇಜಿನಲ್ಲಿ ಗಿರಾಕಿ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿರುವಾಗ ಲ್ಯಾಪ್‌ಟಾಪು ಸಂಪರ್ಕ ಸಿಗುತ್ತಿಲ್ಲ ಅಂತ ಮೊಂಡು ಹಿಡಿದರೆ ಕೇಳಬೇಕೇ? ಗಿರಾಕಿ ಹಲ್ಲಿನ ಡಾಕ್ಟರು, ರೇಸಿನ ಹುಚ್ಚು ಬೇರೆ. ಕಾರಿಗೆ ಕಂಪನಿ ಕೊಟ್ಟ ಕಂಪ್ಯೂಟರ್ ಕಿತ್ತುಹಾಕಿಸಿ, ಇಂಜಿನ್ನನ್ನು ಬೇಕಾದ ಹಾಗೆ ಕುಣಿಸುವ ಬೇರೆ ಪೆಟ್ಟಿಗೆ ತರಿಸಿದ್ದರು. ಅದನ್ನು ಲ್ಯಾಪ್‌ಟಾಪಿನಿಂದ ಪಳಗಿಸುವುದು ಸೊಸೆಯ ಕೆಲಸ, ಅದಕ್ಕೆ ವೈರು ಕಟ್ಟುವುದು ಮಾವನ ಕೆಲಸ.

ಈ ಸಲ ಮಾವನಿಗೆ ಆ ಕೆಲಸ ಸಿಕ್ಕಿದ್ದೇ ಜಗಳ ಆಡಿ. ಕೈ ನಡುಕ ಶುರುವಾದಾಗಿನಿಂದ ಅವರ ಮಗನದು, ಅಂದರೆ ಇವಳ ಗಂಡನದು, ಅಪ್ಪ ಇನ್ನು ಮನೇಲಿರಲಿ ಅಂತ ಒಂದೇ ರಾಗ. ಇವಳೇ ಅಡ್ಡ ನಿಂತು, ಈ ಕಾರೊಂದು ಅವರೇ ಮಾಡಲಿ, ಕೆಟ್ಟರೆ ಆಮೇಲೆ ನೋಡೋಣ ಅಂದಿದ್ದಳು.

ಕೀ ತಿರುಗಿಸಿದರೆ ಪೆಟ್ಟಿಗೆಯ ದೀಪ ಉರಿಯುತ್ತಿತ್ತು. ಕೇಬಲ್ ಬದಲಾಯಿಸಿದಳು. ಲ್ಯಾಪ್‌ಟಾಪು ಆಫ್ ಮಾಡುವ ತಾಳ್ಮೆ ಎಲ್ಲಿಂದ ಬರಬೇಕು, ಸುಮ್ಮನೆ ಮಡಚಿ ತೆರೆದಳು. ಊಹೂಂ. ಡಾಕ್ಟರು ಗಡಿಯಾರ ನೋಡಿಕೊಂಡರು. ಅಷ್ಟು ಸಾಕಾಯಿತು.

“ಮಾವ, ವೈರಿಂಗಲ್ಲೇ ಏನೋ ತಪ್ಪಾಗಿದೆ. ಬಿಚ್ಚಿ ನೋಡಿ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಮಾವ ಮಂಡಿ ಹಿಡಿದುಕೊಂಡು ಡ್ಯಾಶ್‌ಬೋರ್ಡಿನ ಕೆಳಗೆ ನುಸುಳಿದರು. ಅಷ್ಟು ನೀಟಾಗಿ ಸುತ್ತಿದ್ದ ಟೇಪೆಲ್ಲ ಬಿಚ್ಚಿ ಮೀಟರ್ ಇಟ್ಟರೆ ಎಲ್ಲ ಸರಿಯಾಗೇ ಇತ್ತು. ಆದರೂ ತಮ್ಮ ಕೈಯ ಮೇಲೆ ಅವರಿಗೇ ನಂಬಿಕೆ ಸಾಲದೆ, ಗಟ್ಟಿ ಬೆಸುಗೆಯನ್ನೇ ಕತ್ತರಿಸಿ ಮತ್ತೆ ಹಾಕಲು ಕೂತರು. ಕೈ ನಡುಗುತ್ತೆ ಡಾಕ್ಟ್ರೇ, ನನ್ನಿಂದಲೇ ಆಗಿರಬೇಕು ಅಂತ ಒಳಗಿಂದಲೇ ಕ್ಷಮೆಯನ್ನೂ ಕೇಳಿದರು.

ಆಗ ಸೊಸೆಯ ಕಣ್ಣು ಪರದೆಯ ತಳಕ್ಕೆ ಹೋಯಿತು. ನಿನ್ನೆ ಇನ್ನೊಂದು ಕಾರಿಗೆ ತೆರೆದಿದ್ದ ಪ್ರೋಗ್ರಾಂ ಅಲ್ಲಿ ಮುದುರಿಕೊಂಡು ಕೂತಿತ್ತು. ಕೇಬಲ್ ಬರುವ ದಾರಿಯನ್ನು ಅದೇ ಹಿಡಿದುಕೊಂಡಿದ್ದರೆ ಈ ಕಾರಿನ ಪ್ರೋಗ್ರಾಮಿಗೆ ಹೇಗೆ ಸಿಗಬೇಕು? ಮುಚ್ಚಲು ಮರೆತವಳು ಇವಳೇ.

ಸದ್ದಿಲ್ಲದೆ ಅದನ್ನು ಮುಚ್ಚಿದಳು. ಮಾವ ಬೆಸುಗೆ ಮುಗಿಸಿ, ಈಗ ನೋಡಮ್ಮ ಅಂದರು. ತಟ್ಟನೆ ಸಂಪರ್ಕ ಸಿಕ್ಕಿತು. ಡಾಕ್ಟರು ಖುಷಿಯಾಗಿ, ನೀವು ಹಿಡಿದದ್ದೇ ಸರಿ, ವೈರೇ ನೋಡಿ ಅಂತ ಹೊಗಳಿದರು. ಇವಳು ತಲೆಯಾಡಿಸಿದಳು. ಹೌದು, ತಲೆಯಾಡಿಸಿದಳು ಪುಣ್ಯಾತ್ಗಿತ್ತಿ!

ಕಾರು ಹೋಯಿತು. ಮಾವ ಬೆಸುಗೆಯ ಕಡ್ಡಿ ಒರೆಸಿ ಇವಳ ಮೇಜಿನ ಮೇಲಿಟ್ಟು, ಇನ್ನು ಇದು ನನಗೆ ಬೇಡಮ್ಮ, ಮಗ ಹೇಳಿದ್ದೇ ಸರಿ ಅಂದರು. ಆ ಮಾತು ಕೇಳಿ ತಡೆಯಲಾಗಲಿಲ್ಲ. ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿಬಿಟ್ಟಳು. ಬೈಯಲಿ, ಬೈದರೆ ಹಗುರಾಗುತ್ತೆ ಅಂದುಕೊಂಡಿದ್ದಳು.

ಮಾವ ಬೈಯಲಿಲ್ಲ. ತಮ್ಮ ಎರಡೂ ಕೈ ತಿರುಗಿಸಿ ನೋಡಿಕೊಂಡರು.

“ಹಾಗಾದ್ರೆ ನಾನು ಕಟ್ಟಿದ್ದು ಸರಿಯಾಗೇ ಇತ್ತಾ?”

“ಸರಿಯಾಗೇ ಇತ್ತು ಮಾವ.”

ಮುದುಕರ ಮುಖ ಮಗುವಿನ ಹಾಗೆ ಅರಳಿತು. ಆ ಮುಖ ನೋಡುವುದಕ್ಕಿಂತ ಎರಡು ಏಟು ತಿಂದಿದ್ದರೆ ವಾಸಿಯಾಗಿತ್ತು. ಡಾಕ್ಟರಿಗೆ ಈಗಲೇ ಫೋನ್ ಮಾಡಿ ನಿಜ ಹೇಳ್ತೀನಿ ಅಂತ ಮೊಬೈಲು ತೆಗೆದಳು. ಮಾವ ಅವಳ ಕೈ ಹಿಡಿದರು.

“ಬೇಡಮ್ಮ. ಗಿರಾಕಿಗಳು ಬರೋದು ನಿನ್ನ ನಂಬಿ. ವಯಸ್ಸಾದವನು, ಕೈ ನಡುಗಿತು ಅಂದುಕೊಳ್ಳಲಿ. ನನ್ನ ಮೇಲೇ ಇರಲಿ ಬಿಡು.”

ಅಬ್ಬ, ಬದುಕಿದೆ ಅನ್ನಿಸಿತು ಅವಳಿಗೆ. ಹಾಗನ್ನಿಸಿದ್ದಕ್ಕೇ ಭೂಮಿ ಬಾಯಿಬಿಟ್ಟು ನುಂಗಬಾರದೇ ಅಂತಲೂ ಅನ್ನಿಸಿತು. ಇಲ್ಲ ಮಾವ, ಹೇಳೇ ಹೇಳ್ತೀನಿ ಅನ್ನಬೇಕಿತ್ತು.

“ಆಯ್ತು ಮಾವ” ಅಂದಳು.