ಮುಳ್ಳುಹಂದಿಯ ಕನ್ನಡಕ

ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ ಅಂತ ನಮ್ಮಮ್ಮ ನನ್ನ ಮುಖ ನೋಡಿಕೊಂಡೇ ಹೇಳುತ್ತಿದ್ದಳು. ಆ ಗಾದೆಯನ್ನೂ ನಾನು ಸುಳ್ಳು ಮಾಡಿದೆ. ನಲವತ್ತೊಂದನೇ ವಯಸ್ಸಿಗೆ ಮದುವೆಯಾಯಿತು, ಹುಚ್ಚು ಬಿಡಲಿಲ್ಲ. ಗಂಡನ ಮನೆಗೆ ಬರುವಾಗ ನನ್ನ ಜೊತೆ ಎರಡು ಸೂಟ್‌ಕೇಸ್ ಬಟ್ಟೆ, ಹದಿನಾಲ್ಕು ಪೆಟ್ಟಿಗೆ ಗೊಂಬೆ ಬಂದವು.

ಗೊಂಬೆ ಅಂದರೆ ಹೆಬ್ಬೆರಳುದ್ದದ ಪ್ರಾಣಿಗಳು. ಮೊಲ, ಅಳಿಲು, ಕರಡಿ, ಬಾತುಕೋಳಿ. ಮುಟ್ಟಿದರೆ ಮಖಮಲ್ಲು, ಮೈಮೇಲೆ ಅಂಗಿ, ಲಂಗ, ಏಪ್ರನ್ನು. ಅಂಗಡಿಯಲ್ಲಿ ಸಂಸಾರ ಸಮೇತ ಸಿಗುತ್ತವೆ: ಅಪ್ಪ, ಅಮ್ಮ, ಮಕ್ಕಳು. ಅವಕ್ಕೆ ಮಹಡಿ ಮನೆ, ಮಂಚ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಒಲೆ. ಮಕ್ಕಳಿಗೆಂದು ಮಾಡಿದ್ದು, ಇಲ್ಲ ಅನ್ನುವುದಿಲ್ಲ. ಆದರೆ ಕತ್ತೆ ವಯಸ್ಸಾದ ಮೇಲೂ ಬಿಡಲಾರದವರು ನಮ್ಮ ಊರಲ್ಲೇ ಇಪ್ಪತ್ತು ಜನ ಇದ್ದೇವೆ. ತಿಂಗಳಿಗೊಂದು ಭಾನುವಾರ ಸೇರಿ ಅದಲುಬದಲು ಮಾಡಿಕೊಳ್ಳುತ್ತೇವೆ.

ಗುಂಪಿಗೆ ಹಿರಿಯರು ಒಬ್ಬ ನಿವೃತ್ತ ಹಲ್ಲಿನ ಡಾಕ್ಟರು. ಯಾರ ಬಳಿ ಯಾವ ಸಂಸಾರ ಪೂರ್ತಿ ಇದೆ, ಯಾವುದರಲ್ಲಿ ಯಾರು ಕಾಣೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಅವರ ಕಟ್ಟುನಿಟ್ಟು ಏನೆಂದರೆ, ಸಂಸಾರ ಒಡೆಯಬಾರದು, ಬೆರೆಸಲೂಬಾರದು. ಮೊಲದ ಮನೆಯಲ್ಲಿ ಮೊಲ, ಕರಡಿಯ ಮನೆಯಲ್ಲಿ ಕರಡಿ. ತಬ್ಬಲಿಯಾಗಿ ಸಿಕ್ಕವನ್ನು ಬೇರೆ ಡಬ್ಬಿಯಲ್ಲಿಡಬೇಕು. ನಾವು ಅದಕ್ಕೆ 'ಒಂಟಿ ಡಬ್ಬಿ' ಅನ್ನುತ್ತೇವೆ. ಈ ನಿಯಮವನ್ನು ನಾನೂ ಕಣ್ಣಿಗೊತ್ತಿಕೊಂಡು ಪಾಲಿಸುತ್ತಿದ್ದೆ.

ನನ್ನ ಕೆಲಸ ಕನ್ನಡಕದ್ದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು, ಸಾಸಿವೆ ಕಾಳಿನಷ್ಟು ಸ್ಕ್ರೂ ಬಿಗಿಯುವುದು. ಇಪ್ಪತ್ತು ವರ್ಷದಿಂದ ಇದೇ. ನನ್ನ ಕನ್ನಡಕವೂ ದಾರ ಕಟ್ಟಿಕೊಂಡು ಕುತ್ತಿಗೆಗೇ ನೇತಾಡುತ್ತಿರುತ್ತದೆ. ಕೈ ನಡುಗುವುದಿಲ್ಲ, ಆದರೆ ಕೋಪ ಮಾತ್ರ ಮೂಗಿನ ತುದಿಯಲ್ಲೇ.

ನಮ್ಮನೆಯವರು ಲಿಫ್ಟ್ ರಿಪೇರಿ ಮಾಡುತ್ತಾರೆ. ಅವರ ಮೊದಲ ಹೆಂಡತಿ ಕಾಯಿಲೆಯಿಂದ ತೀರಿಕೊಂಡು ಮೂರು ವರ್ಷವಾಗಿತ್ತು. ಎಂಟು ವರ್ಷದ ಮಗಳಿದ್ದಳು. ಅವಳು ನನಗೆ ಒಂದು ದಿನವೂ ತೊಂದರೆ ಕೊಡಲಿಲ್ಲ. ನನಗೆ ಅದೇ ತೊಂದರೆಯಾಗಿತ್ತು. ಹಟ ಇಲ್ಲ, ಅಳು ಇಲ್ಲ, ಎದುರುತ್ತರ ಇಲ್ಲ. ನನ್ನನ್ನು ಏನಂತಲೂ ಕರೆಯುತ್ತಿರಲಿಲ್ಲ. ಏನಾದರೂ ಬೇಕಾದರೆ ನಾನು ಅವಳ ಕಡೆ ತಿರುಗುವ ತನಕ ಬಾಗಿಲಲ್ಲೇ ನಿಂತಿರುತ್ತಿದ್ದಳು.

"ಚಿಕ್ಕಮ್ಮ ಅನ್ನು ಅಂತ ಹೇಳ್ಲಾ?" ಅಂದರು ನಮ್ಮನೆಯವರು.

"ಬೇಡಿ. ಹೇಳಿಸಿ ಕರೆಸ್ಕೊಳ್ಳೋಕೆ ನಾನೇನು ಮಂತ್ರಿನಾ?" ಅಂದೆ. ಬಾಯಲ್ಲಿ ದೊಡ್ಡ ಮಾತು. ಒಳಗೆ ಮಾತ್ರ, ದಿನಾ ಸಂಜೆ ಮನೆಯೊಳಗೆ ಕಾಲಿಡುವಾಗ, ಇವತ್ತು ಕರೆಯುತ್ತಾಳೇನೋ ಅಂತ ಜೀವ ಬಾಯಿ ಬಿಡುತ್ತಿತ್ತು.

ಗೊಂಬೆಗಳನ್ನು ಕಂಡರೆ ಮಾತ್ರ ಅವಳ ಮುಖ ಅರಳುತ್ತಿತ್ತು. ಆಡಿಕೋ ಅಂತ ಕೆಳಗಿನ ಕಪಾಟು ಬಿಟ್ಟುಕೊಟ್ಟೆ. ಅಲ್ಲಿದ್ದದ್ದು ಮೊಲದ ಮನೆ. ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡಿದ್ದರಿಂದ ಅದರಲ್ಲಿ ಅಪ್ಪ ಮೊಲ, ಮಗಳು ಮೊಲ ಎರಡೇ ಇದ್ದವು. ಅಮ್ಮ ಮೊಲಕ್ಕಾಗಿ ನಾನು ಒಂಬತ್ತು ವರ್ಷದಿಂದ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕುತ್ತಿದ್ದೆ.

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಬ್ರಷ್ಷಿನಿಂದ ಗೊಂಬೆಗಳ ಧೂಳು ತೆಗೆಯುವುದು ನನ್ನ ರೂಢಿ. ಒಂದು ದಿನ ನೋಡುತ್ತೇನೆ, ಒಂಟಿ ಡಬ್ಬಿಯ ಮುಳ್ಳುಹಂದಿ ಮೊಲದ ಮನೆಯ ಒಲೆ ಮುಂದೆ ನಿಂತಿದೆ. ಮೂತಿಗೆ ಏನೋ ತಾಮ್ರದ ತಂತಿಯ ಚೂರು ಬೇರೆ ಸಿಕ್ಕಿಕೊಂಡಿದೆ. ಅವಳ ಅಪ್ಪನ ಕೆಲಸದ ಚೀಲದ ಕಸ ಅಂದುಕೊಂಡು ಚಿಮಟದಲ್ಲಿ ತೆಗೆದೆ. ಏನನ್ನೂ ಬಿಸಾಡುವ ಜಾಯಮಾನ ನನ್ನದಲ್ಲವಾದ್ದರಿಂದ ಒಂದು ಪೆಪ್ಪರ್‌ಮಿಂಟ್ ಡಬ್ಬಿಗೆ ಹಾಕಿದೆ. ಮುಳ್ಳುಹಂದಿಯನ್ನು ಅದರ ಜಾಗಕ್ಕೆ ಸೇರಿಸಿದೆ. ಮಾರನೇ ದಿನ ಮತ್ತೆ ಅದೇ ಒಲೆ, ಅದೇ ಮುಳ್ಳುಹಂದಿ, ಮೂತಿಗೆ ಮತ್ತೊಂದು ತಂತಿ. ಹೀಗೇ ಮೂರು ವಾರ. ಮಕ್ಕಳಾಟ, ಹೋಗಲಿ ಅಂತ ಗದರಲಿಲ್ಲ. ನನ್ನ ಸಹನೆಗೆ ನಾನೇ ಬೆನ್ನು ತಟ್ಟಿಕೊಂಡಿದ್ದೂ ಉಂಟು.

ಆಮೇಲೆ ಆ ತಿಂಗಳ ಭಾನುವಾರ ಬಂತು. ಹಲ್ಲಿನ ಡಾಕ್ಟರ ಕೈಗೆ ಒಂದು ಅಮ್ಮ ಮೊಲ ಸಿಕ್ಕಿತ್ತು! ಐದು ಜನರ ಬಾತುಕೋಳಿ ಸಂಸಾರವನ್ನೂ ಒಂದು ಗೊಂಬೆ ಪಿಯಾನೋವನ್ನೂ ಅವರಿಗೆ ಕೊಟ್ಟು ಅದನ್ನು ತಂದೆ. ಕಾಲು ನೆಲದ ಮೇಲಿರಲಿಲ್ಲ. ಮುಳ್ಳುಹಂದಿಯನ್ನು ಎತ್ತಿ ಡಬ್ಬಿಗೆ ಹಾಕಿ, ಅಮ್ಮ ಮೊಲಕ್ಕೆ ಏಪ್ರನ್ನು ಕಟ್ಟಿ ಒಲೆ ಮುಂದೆ ನಿಲ್ಲಿಸಿ, ಅಪ್ಪ ಮಗಳಿಬ್ಬರನ್ನೂ ಕೂಗಿದೆ.

"ನೋಡಿ, ಸಂಸಾರ ಪೂರ್ತಿ ಆಯ್ತು!"

ನಮ್ಮನೆಯವರು ಮಗಳ ಮುಖ ನೋಡಿದರು. ಹುಡುಗಿ ತುಂಬ ಹೊತ್ತು ನೋಡಿದಳು.

"ಮುಳ್ಳುಹಂದಿ ಎಲ್ಲಿ?"

"ಡಬ್ಬಿಲಿದೆ ಪುಟ್ಟಿ. ಅದು ಈ ಮನೇದಲ್ಲ."

"ಸರಿ," ಅಂದಳು.

ಅವತ್ತಿನಿಂದ ಕಪಾಟಿನ ಹತ್ತಿರ ಸುಳಿಯಲಿಲ್ಲ. ಬಾಗಿಲಲ್ಲಿ ಬಂದು ನಿಲ್ಲುವುದೂ ನಿಂತಿತು. ಬಿದ್ದ ಪೆನ್ಸಿಲ್ಲನ್ನೂ ಅಪ್ಪ ಬರುವ ತನಕ ಕಾದು ಅವರ ಕೈಲೇ ಮಂಚದಡಿಯಿಂದ ತೆಗೆಸುತ್ತಿದ್ದಳು. ನನಗೆ ಮೊದಲು ಬಂದದ್ದು ಸಿಟ್ಟು. ಬಂಗಾರದಂಥ ಬಾತುಕೋಳಿಗಳನ್ನು ಕೊಟ್ಟು ತಂದರೆ ಇದಾ ಮರ್ಯಾದೆ ಅಂತ ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಶನಿವಾರ ಅಂಗಡಿಗೆ ಒಬ್ಬರು ಅಜ್ಜಿ ಬಂದರು. ತಮ್ಮ ಕನ್ನಡಕದ ಮೇಲೆ ತಾವೇ ಕೂತುಬಿಟ್ಟಿದ್ದರು. ಗಾಜು ಉದುರಿ, ಕಡ್ಡಿ ಸೊಟ್ಟಗಾಗಿ, ತಂತಿಯ ಚೌಕಟ್ಟು ಮಾತ್ರ ಉಳಿದಿತ್ತು. ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ. ಎರಡು ಸುತ್ತು, ನಡುವೆ ಒಂದು ಸೇತುವೆ, ಕೊನೆಗೆ ಎರಡು ಕೊಕ್ಕೆ. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಎಲ್ಲಿ ಅಂತ ಹೊಳೆದಾಗ ಕೈಯಲ್ಲಿದ್ದ ಇಕ್ಕುಳ ಮೇಜಿನ ಮೇಲೆ ಬಿತ್ತು. ನನಗೆ ತಲೆನೋವು ಅಂತ ಅಂಗಡಿ ಯಜಮಾನರಿಗೆ ಸುಳ್ಳು ಹೇಳಿ ಮನೆಗೆ ಓಡಿದೆ.

ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿ ಹತ್ತೊಂಬತ್ತು ಚೂರು ಇದ್ದವು. ಭೂತಗನ್ನಡಿ ಹಿಡಿದು ನೋಡಿದೆ. ಮೊದಮೊದಲಿನವು ಬರೀ ಎರಡು ಸೊಟ್ಟ ಸುತ್ತು. ಆಮೇಲಿನವಕ್ಕೆ ಮೂಗಿನ ಸೇತುವೆ ಬಂದಿತ್ತು. ಇನ್ನೂ ಆಮೇಲಿನವಕ್ಕೆ ಕಿವಿಯ ಕೊಕ್ಕೆ. ಕೊನೆಯದಕ್ಕೆ ಒಂದೆಳೆ ದಾರವನ್ನೂ ಕಟ್ಟಿದ್ದಳು, ನನ್ನದಕ್ಕಿರುವ ಹಾಗೆಯೇ. ಊರಿಗೆಲ್ಲ ಕನ್ನಡಕ ಮಾಡಿಕೊಟ್ಟವಳಿಗೆ ತನ್ನ ಕನ್ನಡಕವೇ ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ. ಆ ಮಗು ದಿನಾ ಸಂಜೆ ನನ್ನನ್ನು ತನ್ನ ಮನೆಯೊಳಗೆ ಕರೆದುಕೊಂಡಿತ್ತು, ನಾನು ದಿನಾ ಬೆಳಿಗ್ಗೆ ನನ್ನನ್ನೇ ಎತ್ತಿ ಹೊರಗೆ ಹಾಕಿದ್ದೆ. ಸಾಲದ್ದಕ್ಕೆ ಆ ಜಾಗದಲ್ಲಿ ಇನ್ನೊಬ್ಬ ಅಮ್ಮನನ್ನು ತಂದು ನಿಲ್ಲಿಸಿ, ಪೂರ್ತಿ ಆಯ್ತು ಅಂತ ಕೂಗಿದ್ದೆ.

ಅವಳು ಸ್ಕೂಲಿನಿಂದ ಬರುವಾಗ ಹತ್ತೊಂಬತ್ತನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದೆ, ಪಕ್ಕದಲ್ಲಿ ಮುಳ್ಳುಹಂದಿ.

"ಇದು ನಾನಾ ಪುಟ್ಟಿ?"

ಅವಳು ತನ್ನ ಬೂಟು ನೋಡಿಕೊಳ್ಳುತ್ತಾ ಹೂಂ ಅಂದಳು.

"ಅಷ್ಟೊಂದು ಪ್ರಾಣಿ ಇರುವಾಗ ಮುಳ್ಳುಹಂದಿನೇ ಯಾಕೆ?"

"ಅದೊಂದೇ ಕೋಪ ಬಂದ ಹಾಗೆ ಕಾಣೋದು."

ನಗು ತಡೆಯಲಾಗಲಿಲ್ಲ. "ದಿನಾ ತೆಗೆದುಬಿಡ್ತಿದ್ದೆನಲ್ಲೇ. ಬೇಜಾರಾಗ್ಲಿಲ್ವಾ?"

"ಕನ್ನಡಕ ಚೆನ್ನಾಗಿಲ್ಲ ಅಂತ ತೆಗೀತೀರಿ ಅಂದ್ಕೊಂಡೆ," ಅಂದಳು. "ಅದಕ್ಕೇ ಚೆನ್ನಾಗಿ ಮಾಡ್ತಾ ಹೋದೆ."

"ನನಗೆ ಕಾಣ್ಲೇ ಇಲ್ಲ ಕಣೇ, ತಪ್ಪಾಯ್ತು. ಆ ಅಮ್ಮ ಮೊಲನ ವಾಪಸ್ ಕೊಟ್ಟುಬಿಡ್ತೀನಿ," ಅಂದೆ.

"ಬೇಡ!" ಅಂತ ತಟ್ಟನೆ ಅಂದಳು. "ಬಂದಿದ್ದಾಳಲ್ಲ. ಇರ್ಲಿ."

ಏಪ್ರನ್ನು ಬಿಚ್ಚಿ ಅಮ್ಮ ಮೊಲವನ್ನು ಮಹಡಿಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಅಮ್ಮನಿಗೆ ಬೇಗ ಸುಸ್ತಾಗ್ತಿತ್ತು, ಇಲ್ಲಿಂದಾದರೆ ಕೂತಲ್ಲೇ ಎಲ್ಲ ಕಾಣುತ್ತೆ ಅಂದಳು. ಆಮೇಲೆ ಹತ್ತೊಂಬತ್ತನೇ ಕನ್ನಡಕವನ್ನು ಮುಳ್ಳುಹಂದಿಯ ಮೂತಿಗೆ ಏರಿಸಿ ನನ್ನ ಕೈಗೆ ಕೊಟ್ಟಳು. ಒಲೆ ಮುಂದೆ ನಾನೇ ನಿಲ್ಲಿಸಿದೆ.

ಮರುದಿನ ಹಲ್ಲಿನ ಡಾಕ್ಟರು ಪೂರ್ತಿಯಾದ ಮೊಲದ ಸಂಸಾರ ನೋಡುತ್ತೇನೆ ಅಂತ ನೋಟ್‌ಬುಕ್ಕಿನ ಸಮೇತ ಬಂದರು. ನಾನು ಅಡುಗೆಮನೆಯಿಂದ ಚಹಾದ ಟ್ರೇ ಹಿಡಿದು ಬರುವಾಗ ಅವರು ಕಪಾಟಿನ ಮುಂದೆ ಬಗ್ಗಿ ನಿಂತಿದ್ದರು.

"ಅಯ್ಯೋ, ಇಲ್ಲಿ ಮುಳ್ಳುಹಂದಿ ನುಗ್ಗಿದೆಯಲ್ಲಮ್ಮ!" ಅಂತ, ಹಲ್ಲು ಕೀಳುವವರ ಹಾಗೆ ಎರಡು ಬೆರಳು ಚಾಚಿದರು.

"ಮುಟ್ಬೇಡಿ ಡಾಕ್ಟ್ರೇ," ಅಂದಳು ನಮ್ಮ ಹುಡುಗಿ.

"ಅದು ಬೇರೆ ಸೆಟ್ಟು, ಮರಿ."

"ಅಲ್ಲ, ಇದೇ ಸೆಟ್ಟು. ಬೇಕಾದ್ರೆ ಎಣಿಸಿ." ಒಂದೊಂದನ್ನೇ ಬೆರಳಿಟ್ಟು ತೋರಿಸಿದಳು. "ಅಪ್ಪ. ನಾನು. ಮೇಲ್ಗಡೆ ಅಮ್ಮ. ಒಲೆ ಹತ್ರ ಚಿಕ್ಕಮ್ಮ."

ಆರು ತಿಂಗಳು ನಾನು ಕಾದ ಮಾತು, ಹೋಗಿ ಹೋಗಿ ಒಬ್ಬ ಹಲ್ಲಿನ ಡಾಕ್ಟರ ಮುಂದೆ ಬಂತು. ಡಾಕ್ಟರು ಮುಳ್ಳುಹಂದಿಯನ್ನು ನೋಡಿದರು, ತಿರುಗಿ ನನ್ನ ಕನ್ನಡಕವನ್ನು ನೋಡಿದರು. ಜೇಬಿನಿಂದ ಪೆನ್ಸಿಲ್ ತೆಗೆದು, ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆದರು: "ಮೊಲದ ಸಂಸಾರ. ನಾಲ್ಕು ಜನ. ಪೂರ್ತಿ."

ಕೈಯಲ್ಲಿ ಟ್ರೇ ಇಲ್ಲದಿದ್ದರೆ ನಾನು ಅಲ್ಲೇ ಕೈಮುಗಿದುಬಿಡುತ್ತಿದ್ದೆ. ದೇವರಿಗೋ ಡಾಕ್ಟರಿಗೋ ಅಲ್ಲ. ಹತ್ತೊಂಬತ್ತು ಸಲ ಆಚೆ ಹಾಕಿದರೂ ಇಪ್ಪತ್ತನೇ ಸಲ ಬಾಗಿಲು ತೆಗೆದ ಆ ಎಂಟು ವರ್ಷದ ಹಟಮಾರಿಗೆ.

ಅವಳು ನನ್ನ ಕಡೆ ತಿರುಗಿದಳು.

"ಚಿಕ್ಕಮ್ಮಾ, ಟ್ರೇ ಓರೆಯಾಗಿದೆ. ಚಹಾ ಚೆಲ್ತಾ ಇದೆ ನೋಡಿ."