ಇಪ್ಪತ್ತಮೂರನೆಯ ಕಲ್ಲು

ಒಸ್ತೋಯಾನ ಶವಪೆಟ್ಟಿಗೆಯನ್ನು ಹೊಸ್ತಿಲಿಗೆ ಮೂರನೆಯ ಸಲ ತಾಗಿಸಿ ಹೊರಗೆ ತಂದರು. ಸತ್ತವನು ಮನೆಗೆ ಮೂರು ಸಲ ಹೇಳಿಯೇ ಹೊರಡಬೇಕು. ಹೊತ್ತವರು ಗುಡ್ಡದ ಸ್ಮಶಾನದ ಕಡೆ ತಿರುಗಿದರೂ ಅವನ ಹೆಂಡತಿ ಸಾವ್ಕಾ ಮಾತ್ರ ಹೊಸ್ತಿಲು ಬಿಟ್ಟು ಕದಲಲಿಲ್ಲ.

"ಈ ಹೊಸ್ತಿಲ ಕಲ್ಲನ್ನೂ ಎತ್ಕೊಳ್ಳಿ. ಅವರ ತಲೆದೆಸೆಗೆ ಇದೇ ನಿಲ್ಲಬೇಕು."

ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದು ಹೆಂಗಸರು ಪಿಸುಗುಟ್ಟಿದರು. ಒಸ್ತೋಯಾನ ಜೊತೆ ರಸ್ತೆ ಕೆಲಸ ಮಾಡಿದ ಮುದುಕ ದರ್ವಿಶ್ ಒಬ್ಬನೇ ಹೋಗಿ ಹಾರೆ ತಂದ. ಕಲ್ಲು ಮಗುಚಿತು. ಅಡಿಯಲ್ಲಿ ಕೆತ್ತಿದ ಅಕ್ಷರಗಳಿದ್ದವು: ಮೇಲೆ ೨೩, ಅದರ ಕೆಳಗೆ ವರ್ಬಾಸ್ ಬನೋವಿನಾ.

ಅಳಿಯ ಮಿಲಾದಿನ್ ಅಕ್ಷರಗಳಿಗೆ ಅಡ್ಡವಾಗಿ ನಿಂತ. ಅದು ರಾಜನ ಕಾಲದ ಹೆಸರು; ಆ ಕಾಲ ಮುಗಿದು ಎಷ್ಟೋ ವರ್ಷವಾಗಿತ್ತು, ಅವನೋ ರಾಜನ ಆಳ್ವಿಕೆಯನ್ನೇ ಕಿತ್ತುಹಾಕಿದ ಪಕ್ಷಕ್ಕೆ ಊರಿನ ಕಾರ್ಯದರ್ಶಿ.

"ಅತ್ತೆ, ಬೇಡ. ಜನ ನನ್ನ ಕೆಲಸಕ್ಕೇ ಸಂಚಕಾರ ತರ್ತಾರೆ."

*

ರಾಜ ಹಳೆಯ ಸೀಮೆಗಳ ಹೆಸರನ್ನೆಲ್ಲ ಅಳಿಸಿ ನಾಡನ್ನು ನದಿಗಳ ಹೆಸರಲ್ಲಿ ಹಂಚಿದಾಗ ಇವರದು ವರ್ಬಾಸ್ ಬನೋವಿನಾ, ಅಂದರೆ ವರ್ಬಾಸ್ ಪ್ರಾಂತ್ಯವಾಯಿತು. ಒಸ್ತೋಯಾನಿಗೆ ಹೆಸರಿನ ಗೊಡವೆ ಇರಲಿಲ್ಲ. ಅವನಿಗೆ ಬೇಕಾದದ್ದು ಅಳತೆ. ಬಾನ್ಯಾ ಲೂಕಾ ಪಟ್ಟಣದಿಂದ ಸರಪಳಿ ಹಿಡಿದು ಅಳೆದು, ರಸ್ತೆಯುದ್ದಕ್ಕೂ ಕಿಲೋಮೀಟರಿಗೊಂದು ಕಲ್ಲು ನೆಟ್ಟ; ಒಂದು ಗೇಣು ತಪ್ಪಿದರೂ ಕಿತ್ತು ಮತ್ತೆ ನೆಟ್ಟ. ದರ್ವಿಶ್ ಬೈದು ಬೈದು ಸಾಕಾಗಿದ್ದ.

ಆ ಪ್ರಾಂತ್ಯ ಹನ್ನೆರಡು ವರ್ಷವೂ ತುಂಬಲಿಲ್ಲ. ಯುದ್ಧ ಬಂತು, ಹೊಸದಾಗಿ ಆಳಲು ಬಂದವರು ಆ ಕಲ್ಲುಗಳನ್ನು ಕಿತ್ತು ಹಳ್ಳಕ್ಕೆಸೆದರು. ಒಂದನ್ನು ಒಸ್ತೋಯಾ ಹಾಡುಹಗಲೇ ತಳ್ಳುಗಾಡಿಯಲ್ಲಿ ತಂದು, ಅಕ್ಷರ ಕೆಳಗೆ ಮಾಡಿ ಹೊಸ್ತಿಲಿಗೆ ಹಾಸಿದ. ಆಮೇಲೆ ಒಂದು ದಿನವೂ ಅದನ್ನು ತುಳಿಯಲಿಲ್ಲ. ಮಲಗಿದ ಮಗುವನ್ನು ದಾಟುವವನ ಹಾಗೆ ಕಾಲೆತ್ತಿ ದಾಟುತ್ತಿದ್ದ. "ನಾನು ಹೋಗೋವಾಗ ಇದನ್ನ ಎತ್ತಿ ನಿಲ್ಸೇ," ಎಂದು ಹೆಂಡತಿಗೆ ಹೇಳಿದ್ದ. ಅವಳು ಹೂಂ ಅಂದಿದ್ದಳು.

*

ಈಗ ಅದನ್ನೇ ಅಳಿಯನಿಗೂ ಹೇಳಿದಳು. "ಹೂಂ ಅಂದಿದ್ದೀನಪ್ಪ. ಇನ್ನೇನು ಮಾಡ್ಲಿ?"

ಮಿಲಾದಿನ್ ಬಗ್ಗಿದ. ಕಲ್ಲಿನ ಒಂದು ತುದಿ ಅವನೇ ಹಿಡಿದ.

ಪಾದ್ರಿಯ ಪ್ರಾರ್ಥನೆ ಮುಗಿದು ಮಣ್ಣು ಮುಚ್ಚಿದ ಮೇಲೆ ಅಳಿಯ ಕೋಟು ಕಳಚಿ ತಲೆದೆಸೆಯಲ್ಲಿ ಗುಂಡಿ ತೋಡಿದ. ಸಾಕು ಅಂದರೂ ಕೇಳದೆ ಇನ್ನೂ ಆಳಕ್ಕೆ ತೋಡಿದ. ಕಲ್ಲು ಇಳಿಸಿದರು. ಬನೋವಿನಾದ ಹೆಸರು ಪೂರ್ತಿ ಮಣ್ಣಿನೊಳಗೆ ಹೋಗಿ, ಸಂಖ್ಯೆ ಮಾತ್ರ ಮೇಲುಳಿಯಿತು.

ಅಳಿಯ ತಪ್ಪಿತಸ್ಥನ ಹಾಗೆ ಅವಳ ಮುಖ ನೋಡಿದ.

"ಇರ್ಲಿ ಬಿಡಪ್ಪ," ಅಂದಳು ಸಾವ್ಕಾ. "ಹೆಸರು ಅವರ ಹತ್ರಾನೇ ಇರ್ಲಿ." ಮೊಣಕಾಲೂರಿ ಸುತ್ತಲಿನ ಮಣ್ಣನ್ನು ಅಂಗೈಯಿಂದ ತಟ್ಟಿದಳು.

ದರ್ವಿಶ್ ಕೆಳಗಿನ ರಸ್ತೆಯನ್ನೂ ಕಲ್ಲನ್ನೂ ನೋಡಿ ತಲೆ ಕೆರೆದುಕೊಂಡ. "ಬಾನ್ಯಾ ಲೂಕಾದಿಂದ ಇಲ್ಲಿಗೆ ಇಪ್ಪತ್ನಾಲ್ಕು ಕಿಲೋಮೀಟರ್ ಮೇಲಾಗತ್ತೆ ಕಣಕ್ಕ. ಅವನು ಒಪ್ಪಲ್ಲ."

ಮೂರು ದಿನದಲ್ಲಿ ಮೊದಲ ಸಲ ಸಾವ್ಕಾ ನಕ್ಕಳು, ಆಮೇಲೆ ಅತ್ತಳು. ಉಳಿದವರೆಲ್ಲ ಊಟಕ್ಕೆ ಮನೆಯ ದಾರಿ ಹಿಡಿದರು. ದರ್ವಿಶ್ ಮಾತ್ರ ಕಲ್ಲಿಗೆ ಹಿಮ್ಮಡಿ ಆನಿಸಿ ನಿಂತು, ಒಂದು, ಎರಡು ಎಂದು ಹೆಜ್ಜೆ ಎಣಿಸುತ್ತ ರಸ್ತೆಯ ಕಡೆಗೆ ಇಳಿಯತೊಡಗಿದ.