ಹತ್ತು ನಿಮಿಷ ಮಗ್ಗ ನಿಲ್ಲಿಸಿ

2005ರ ಆಗಸ್ಟ್. ರಬಕವಿಯ ಪರಸಪ್ಪ ದಣಿದು ಹೋಗಿದ್ದ. ಹಸಿ ಹವೆಗೆ ನೂಲು ಮೆತ್ತಗಾಗಿ ಪವರ್‌ಲೂಮಿನಲ್ಲಿ ಗಳಿಗೆಗೊಂದು ಎಳೆ ಹರಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹೊಳೆಯಾಚೆಯ ಅಕ್ಕ ಗುರುಬಾಯಿಯ ಸುದ್ದಿಯೇ ಇರಲಿಲ್ಲ. ಕೃಷ್ಣೆ ಉಕ್ಕಿ ತುಬಚಿ ಕಡೆಯ ಅವಳ ಹಳ್ಳಿಯ ದಾರಿ ಮುಳುಗಿತ್ತು, ಫೋನೂ ಸತ್ತಿತ್ತು. ಸಕ್ಕರೆ ಕಾಯಿಲೆಯ ಗುರುಬಾಯಿ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಸಿಕೊಳ್ಳಬೇಕು. ತಿಂಗಳಿಗೊಮ್ಮೆ ಅದನ್ನು ಕೊಂಡು ಕಳಿಸುವವನು ಪರಸಪ್ಪನೇ.

ಆ ಮಧ್ಯಾಹ್ನ ಪಕ್ಕದ ಮನೆಯ ಶಶಿಕಾಂತ ಮಾಸ್ತರರು ಮೂರನೆಯ ಸಲ ಬಾಗಿಲಿಗೆ ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅವರು ಪರೀಕ್ಷೆ ಬರೆದು, ಲೈಸನ್ಸ್ ಪಡೆದು, ದೂರದವರೊಡನೆ ತಂತಿಯಿಲ್ಲದೆ ಮಾತಾಡುವ ಹವ್ಯಾಸಿಗಳ ಹ್ಯಾಮ್ ರೇಡಿಯೋ ಮನೆಯಲ್ಲೇ ಇಟ್ಟಿದ್ದರು.

"ಪರಸಪ್ಪಣ್ಣಾರ, ಹತ್ತ ನಿಮಿಷ ಮಗ್ಗ ಬಂದ್ ಮಾಡ್ರಿ. ನಿಮ್ಮ ಸ್ಟಾರ್ಟರನಾಗ ಕಿಡಿ ಹಾರತೈತಿ. ಆ ಗದ್ಲ ನನ್ನ ರೇಡಿಯೋ ತುಂಬಾಕತ್ತೈತಿ."

"ನಿಮಗ ಪಗಾರ ಬರತೈತ್ರಿ ಮಾಸ್ತರ, ಆಟ ಆಡ್ತೀರಿ. ಫೋನಿನವರ ಕೈಲೇ ಆಗಲಾರದ್ದು ನಿಮ್ಮ ಮಾಳಗಿ ಮ್ಯಾಲಿನ ತಂತಿಗೆ ಆಗತೈತೇನ?"

"ಫೋನಿಗೆ ಕಂಬ ಬೇಕು, ಕಂಬ ಬಿದ್ದಾವು. ಇದಕ್ಕ ನಡುವ ಏನೂ ಬ್ಯಾಡ. ಇತ್ತಾಗೊಂದು ಸೆಟ್, ಅತ್ತಾಗೊಂದು ಸೆಟ್, ಲಾರಿ ಬ್ಯಾಟರಿ ಸಾಕು."

ಪರಸಪ್ಪ ಹರಿದ ಎಳೆಗೆ ಗಂಟು ಹಾಕತೊಡಗಿದ. ಮಾಸ್ತರರು ಒಳಗೆ ಬಂದು ಅವನ ಕಿವಿಯ ಹತ್ತಿರ ಬಾಗಿದರು.

"ಖಾತ್ರಿ ಇಲ್ದ ಹೇಳಿ ಅಂಜಿಸಬಾರದು ಅಂತಿದ್ದೆ. ಹೊಳಿ ಆಚೆ ದಂಡಿ ಸಾಲ್ಯಾಗಿನ ನೆರೆ ಕ್ಯಾಂಪಿನಿಂದ ಅಂಜನಾ ಅನ್ನೂ ಹ್ಯಾಮ್ ಒಬ್ಬಾಕಿ ಕರಿಯಾಕತ್ತಾಳ. 'ರಬಕವಿ', 'ಗುರುಬಾಯಿ', ಎರಡ ಮಾತು ಕೇಳಿಸ್ಯಾವು. ಉಳಿದದ್ದು ನಿಮ್ಮ ಮಗ್ಗ, ಓಣಿ ಮಗ್ಗ ಎಲ್ಲಾ ಕೂಡಿ ನುಂಗ್ಯಾವು."

ಪರಸಪ್ಪನ ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು. ಹೆಂಡತಿ ಶಂಕ್ರೆವ್ವ ಸೆರಗು ಬಿಗಿದು ಓಣಿಗೆ ಓಡಿದಳು. "ಬಂದ್ ಮಾಡ್ರಲೇ! ನಮ್ಮ ಗುರುಬಾಯಕ್ಕನ ಜೀವದ ಮಾತೈತಿ!" ಒಂದೊಂದೇ ಮನೆಯ ಸದ್ದು ನಿಂತಿತು. ಕಡೆಗೆ ಓಣಿಯಲ್ಲಿ ಮಳೆಯದೊಂದೇ ಸದ್ದು ಉಳಿಯಿತು.

ಮಾಸ್ತರರ ಕೋಣೆಯಲ್ಲಿ ಅಂಜನಾಳ ಧ್ವನಿ ಸ್ವಚ್ಛವಾಗಿ ಬಂತು. "ಗುರುಬಾಯಿಯವರಿಗೆ ಇನ್ಸುಲಿನ್ ಬೇಕಾಗೇತಿ. ಡಾಕ್ಟರ ಚೀಟಿ ನೀರಾಗ ಹೋಗೇತಿ, ಅವರಿಗೆ ಮಾತಾಡಾಕ ಶಕ್ತಿ ಇಲ್ಲ. ಯಾವ ಔಷಧ, ಎಷ್ಟು ಅಳತಿ? ರಬಕವಿಯ ತಮ್ಮಗ ಗೊತ್ತೈತಂತ ಜೋಡಿ ಇದ್ದವರು ಅಂತಾರ. ಓವರ್."

"ಅಕ್ಕಾ! ನಾ ಇಲ್ಲೇ ಅದೀನಿ!" ಪರಸಪ್ಪ ಕೋಣೆ ನಡುಗುವಂತೆ ಕೂಗಿದ.

"ಇನ್ನೂ ಮಾತಾಡೂ ಗುಂಡಿ ಒತ್ತಿಲ್ಲರಿ," ಎಂದರು ಮಾಸ್ತರರು. "ಚೀರಬ್ಯಾಡ್ರಿ, ಇದು ಮಗ್ಗದ ಮನಿ ಅಲ್ಲ. ಚೀರಿದ್ರ ಮಾತು ಒಡೀತೈತಿ. ಲೈಸನ್ಸ್ ನನ್ನದು, ಮಾತಾಡಾಂವ ನಾ. ನಿಮ್ಮ ಕಡೆ ಚೀಟಿ ಇದ್ರ ಓದ್ರಿ."

ತಿಂಗಳಿಗೊಮ್ಮೆ ಔಷಧ ಕೊಳ್ಳುವ ಚೀಟಿ ಅವನ ಅಂಗಿ ಕಿಸೆಯಲ್ಲೇ ಇತ್ತು. ಮಾಸ್ತರರು ಔಷಧದ ಹೆಸರನ್ನು ಅಕ್ಷರ ಬಿಡಿಸಿ, ಅಳತೆಯನ್ನು ಅಂಕಿ ಬಿಡಿಸಿ ಹೇಳಿದರು. "ಬೆಳಿಗ್ಗೆ ಒಂದು, ಎಂಟು: ಹದಿನೆಂಟು ಯೂನಿಟ್. ಸಂಜೆ ಒಂದು, ಸೊನ್ನೆ: ಹತ್ತು." ಗುಂಡಿ ಬಿಟ್ಟರು. ಅಂಜನಾ ಎಲ್ಲವನ್ನೂ ತಿರುಗಿ ಓದಿದಳು, ಕ್ಯಾಂಪಿನ ಡಾಕ್ಟರು ಬರೆದುಕೊಂಡು, ಆ ಔಷಧ ತಮ್ಮ ಪೆಟ್ಟಿಗೆಯಲ್ಲೇ ಇದೆಯೆಂದು ಹೇಳಿಸಿದರು.

ಎರಡು ತಾಸು ಕಳೆಯಿತು. ಮಗ್ಗ ಚಾಲೂ ಮಾಡಲು ಓಣಿಯಲ್ಲಿ ಯಾರಿಗೂ ಮನಸ್ಸಾಗಲಿಲ್ಲ. ಆಮೇಲೆ ಅಂಜನಾ ಮತ್ತೆ ಕರೆದಳು. "ಗುರುಬಾಯಿಯವರು ಎದ್ದು ಕುಂತಾರ. ಚಹಾದಾಗ ಸಕ್ಕರಿ ಯಾಕಿಲ್ಲಂತ ಡಾಕ್ಟರ ಜೋಡಿ ಜಗಳ ತಗದಾರ. ಓವರ್."

ಶಂಕ್ರೆವ್ವ ನಕ್ಕಳು. ಪರಸಪ್ಪ ಗೋಡೆಗೆ ಆನಿಕೊಂಡು, "ಮೂರು ಸಲ ಬಂದ್ರಿ ಮಾಸ್ತರ. ಎರಡು ಸಲ ಹೊಳ್ಳಿ ಕಳಿಸಿದೆ," ಎಂದ.

"ಆತು ಬಿಡ್ರಿ. ಸ್ಟಾರ್ಟರ್ ಒಂದು ಬದಲಿ ಮಾಡ್ರಿ."

"ಮಾಡ್ತಾರ," ಎಂದಳು ಶಂಕ್ರೆವ್ವ. "ನಾವೂ ಇದನ್ನ ಕಲೀಬಹುದೇನ್ರಿ? ನಾ ಏಳನೇ ಇಯತ್ತೆ ಓದೀನಿ."

"ಹನ್ನೆರಡು ವರ್ಷ ದಾಟಿದವರು ಯಾರಾದ್ರೂ ಕಲೀಬಹುದು ತಂಗಿ. ಮೊದಲು ಕೇಳೂದು ಕಲೀರಿ. ನಾಳಿಂದ ಬರ್ರಿ."

ಮರುದಿನ ಶಂಕ್ರೆವ್ವ ಹೋದಳು. ಹಿಂದೆಯೇ ಪರಸಪ್ಪನೂ ಹೋದ, ಚೀರುವುದಿಲ್ಲವೆಂದು ಮಾತು ಕೊಟ್ಟು.

ಓದುಗರೇ, ಹೊಳೆ ದಂಡೆಯ ನಮಗೆ ನೆರೆ ಹೊಸದಲ್ಲ. ನಿಮ್ಮ ಊರಿನಲ್ಲಿ ಒಬ್ಬರಾದರೂ ಹ್ಯಾಮ್ ಇರಲಿ. ಒಂದು ಶಾರ್ಟ್‌ವೇವ್ ರೇಡಿಯೋ ಸಾಕು, ಕೇಳುವುದರಿಂದಲೇ ಶುರುಮಾಡಿ. ಸ್ವಲ್ಪ ವಿದ್ಯುತ್ ಪಾಠ, ಸ್ವಲ್ಪ ನಿಯಮ ಓದಿ ಕೇಂದ್ರ ಸರ್ಕಾರದ ಪರೀಕ್ಷೆ ಬರೆಯಿರಿ. ಲೈಸನ್ಸ್ ಕೈಗೆ ಬರುವವರೆಗೆ ಮಾತಾಡುವ ಗುಂಡಿ ಒತ್ತಬೇಡಿ. ಹೊಲಕ್ಕೂ ಮನೆಗೂ ನಡುವೆ ಮಾತಾಡಿದರೆ ಸಾಕು ಎನ್ನುವವರಿಗೆ ಸಿಟಿಜನ್ ಬ್ಯಾಂಡಿನ ಸೆಟ್ ಇದೆ. ಐದು ವ್ಯಾಟ್ ಮೀರದಿದ್ದರೆ ಅದಕ್ಕೆ ಪರೀಕ್ಷೆ ಬೇಕಿಲ್ಲ. ಏರಿಯಲ್ ತಂತಿ ಕಟ್ಟುವಾಗ ಕರೆಂಟಿನ ಲೈನಿನಿಂದ ದೂರವಿರಿ, ಸಿಡಿಲಿದ್ದರೆ ಕಳಚಿಡಿ.

ಇದ್ಯಾವುದೂ ನಿಮ್ಮಿಂದ ಆಗದಿದ್ದರೂ ಚಿಂತೆಯಿಲ್ಲ. ಪಕ್ಕದ ಮನೆಯವರು ಬಂದು ಹತ್ತು ನಿಮಿಷ ಮಗ್ಗ ನಿಲ್ಲಿಸಿ ಎಂದರೆ, ಮೊದಲನೆಯ ಸಲವೇ ನಿಲ್ಲಿಸಿ.